ಕೆಮ್ಮಣ್ಣುಗುಂಡಿಗೆ ಹೊರಟ ಬೆಳಗ್ಗೆ ಕಾರು ಕೆಟ್ಟಿರಲಿಲ್ಲ

ಕಾರು ಕೆಟ್ಟಿರಲಿಲ್ಲ. ಅದನ್ನು ಕೆಡಿಸಿದವನು ನಾನು.

ಹನ್ನೊಂದು ವರ್ಷ ಈ ಮಾತನ್ನು ಯಾರಿಗೂ ಹೇಳಲಿಲ್ಲ. ಹೆಂಡತಿ ನಳಿನಿಗೆ ಹೇಳಲಿಲ್ಲ, ಮಗಳು ಚಿತ್ರಾಗೆ ಹೇಳಲಿಲ್ಲ. ನನ್ನ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡ ಮೆಕ್ಯಾನಿಕ್ ಮುನಿರಾಜುವಿಗೆ ಹೇಳುವ ಅಗತ್ಯವೇ ಇರಲಿಲ್ಲ — ಅವನಿಗೆ ಮೊದಲ ನಿಮಿಷದಲ್ಲೇ ಗೊತ್ತಾಗಿತ್ತು. ಅದೇ ನನ್ನನ್ನು ಹೆಚ್ಚು ಸುಡುವುದು.

ಅದು ತೊಂಬತ್ತಾರನೆಯ ಇಸವಿ. ಶಂಕರಪುರದ ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆವು. ನಾನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ನಳಿನಿ ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಚಿತ್ರಾಗೆ ಹತ್ತು ವರ್ಷ. ಯುಗಾದಿ ಕಳೆದ ಮೇಲೆ ತಿಳಿನೀಲಿ ಬಣ್ಣದ ಹಳೆಯ ಕಾರೊಂದನ್ನು ಕೊಂಡೆವು. ಅದು ಗೇಟಿನ ಮುಂದೆ ಪೂರ್ತಿ ನಿಲ್ಲುವ ಮೊದಲೇ ನಳಿನಿ ತೀರ್ಮಾನ ಹೇಳಿಬಿಟ್ಟಳು.

“ದಸರಾ ರಜಕ್ಕೆ ಕೆಮ್ಮಣ್ಣುಗುಂಡಿಗೆ ಹೋಗೋಣ ರೀ. ಲಾಡ್ಜು ಗೀಡ್ಜು ಬೇಡ. ಕಾಡಲ್ಲಿ ಟೆಂಟ್ ಹಾಕ್ಕೊಂಡು ಮಲಗೋಣ. ಘಾಟಿ ರಸ್ತೆ ನಿಮಗೇನು ಹೊಸದಾ?”

ಹೊಸದೇ ಆಗಿತ್ತು. ಮದುವೆಗೆ ಮುಂಚೆ, ಅವಳನ್ನು ನೋಡಲು ಹೋಗಿದ್ದಾಗ, ಇಪ್ಪತ್ತನೆಯ ವಯಸ್ಸಿಗೇ ಸೋದರಮಾವನ ಜೀಪನ್ನು ಆಗುಂಬೆ ಘಾಟಿಯಲ್ಲಿ ಓಡಿಸಿದ್ದೇನೆ ಎಂದು ಜಂಬ ಕೊಚ್ಚಿದ್ದೆ. ನಿಜ ಏನೆಂದರೆ ಆ ಜೀಪಿನ ಹಿಂದಿನ ಸೀಟಿನಲ್ಲಿ ನಿಂಬೆಹಣ್ಣು ಮೂಗಿಗೆ ಹಿಡಿದುಕೊಂಡು ತಿರುವು ತಿರುವಿಗೂ ವಾಂತಿ ಮಾಡುತ್ತಾ ಕೂತಿದ್ದೆ. ಒಮ್ಮೆ ಹೇಳಿದ ಸುಳ್ಳು ಮನೆಯಲ್ಲಿ ಹಳತಾಗುತ್ತಾ ನಿಜದ ಹಾಗೆಯೇ ಆಗಿಬಿಟ್ಟಿತ್ತು.

ಆದರೂ ಹೊರಡುವ ಮುಂಚಿನ ಆ ಎರಡು ತಿಂಗಳು — ನೆನೆದರೆ ಈಗಲೂ ನಗು ಬರುತ್ತದೆ. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಯಿಂದ ಒಂದು ರಸ್ತೆ ನಕ್ಷೆ ತಂದೆವು. ಮಡಿಕೆ ಸವೆದು ಕಡೂರು ಇರಬೇಕಾದ ಜಾಗದಲ್ಲಿ ತೂತು ಬಿದ್ದಿತ್ತು. ಚಿತ್ರಾ ಹಿಂದಿನಿಂದ ಕಾಗದ ಅಂಟಿಸಿ, ತನ್ನ ದುಂಡು ಅಕ್ಷರದಲ್ಲಿ ‘ಕಡೂರು’ ಎಂದು ಬರೆದು ಊರನ್ನು ವಾಪಸು ಕೂರಿಸಿದಳು. ಟೆಂಟು ಎಲ್ಲೂ ಸಿಗಲಿಲ್ಲ. ಚಾಮರಾಜಪೇಟೆಯಲ್ಲಿ ಶಾಮಿಯಾನ ಹೊಲಿಯುವವರ ಬಳಿ ಹೊಲಿಸಿದೆವು. ಅವರ ಹತ್ತಿರ ಉಳಿದಿದ್ದದ್ದು ಕೆಂಪು ಹಳದಿ ಪಟ್ಟೆಯ ಮದುವೆ ಬಟ್ಟೆ ಮಾತ್ರ.

“ಇದನ್ನ ನೋಡಿದ್ರೆ ಆನೆಗಳು ಊಟಕ್ಕೆ ಬಂದ್ಬಿಡ್ತಾವೆ, ಎಲೆ ಜಾಸ್ತಿ ತಗೊಳಿ,” ಎಂದಳು ನಳಿನಿ.

ಒಂದು ಭಾನುವಾರ ಅದನ್ನು ತಾರಸಿಯ ಮೇಲೆ ಕಟ್ಟಿ ನೋಡಿದೆವು. ಕೆಳಗಿನ ಮನೆಯ ಒಡತಿ ಕಮಲಮ್ಮ ನೋಡಲು ಬಂದವರು ಮಂಡಿಯೂರಿ ಒಳಗೆ ತೂರಿಕೊಂಡರು. “ತಣ್ಣಗಿದೆ ಕಣೇ ಇಲ್ಲಿ,” ಎಂದು ಮೆಂತ್ಯ ಸೊಪ್ಪಿನ ಕಟ್ಟು ತರಿಸಿಕೊಂಡು, ಬಿಡಿಸುತ್ತಾ ಸಂಜೆಯವರೆಗೂ ಹೊರಗೆ ಬರಲಿಲ್ಲ. ಬೆಟ್ಟದ ಮೇಲಿನ ಅತಿಥಿಗೃಹದ ಅಂಗಳದಲ್ಲಿ ಟೆಂಟು ಹಾಕಲು ಅನುಮತಿಯ ಪತ್ರ ಬಂದ ದಿನ ಮನೆಯಲ್ಲಿ ಕೇಸರಿಬಾತು. ನ್ಯಾಫ್ತಲೀನ್ ವಾಸನೆಯ ಸ್ವೆಟರುಗಳು, ಪಂಪ್ ಸ್ಟೋವು, ಜಮಖಾನ, ಮೂರು ಬಗೆಯ ಚಟ್ನಿಪುಡಿ — ಎಲ್ಲ ಬಾಗಿಲ ಬಳಿ ಸಾಲಾಗಿ ಕೂತವು.

ನಾನೂ ಕುಣಿದೆ. ಎಲ್ಲಿ ತಿಂಡಿ, ಎಲ್ಲಿ ಪೆಟ್ರೋಲು ಎಂದು ಪಟ್ಟಿ ಮಾಡಿದೆ. ಆದರೆ ನಕ್ಷೆಯಲ್ಲಿ ಲಿಂಗದಹಳ್ಳಿ ದಾಟಿದ ಮೇಲೆ ರಸ್ತೆ ಹಾವಿನ ಹಾಗೆ ಸುತ್ತಿಕೊಳ್ಳುವ ಜಾಗ ಬಂದಾಗಲೆಲ್ಲ ನಕ್ಷೆ ಮಡಿಸಿ ಎತ್ತಿಡುತ್ತಿದ್ದೆ. ಗುಟ್ಟಾಗಿ ಒಂದು ದಿನ ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ಅಭ್ಯಾಸಕ್ಕೆ ಹೋದೆ. ಅರ್ಧಕ್ಕೆ ಎಂಜಿನ್ ಆಫ್ ಆಗಿ ಕಾರು ಹಿಂದಕ್ಕೆ ಜಾರಿತು. ಸೀಬೆಹಣ್ಣಿನ ಗಾಡಿಗೆ ಒಂದು ಗೇಣು ಇರುವಾಗ ಗಾಡಿಯವನು ಚಕ್ರಕ್ಕೆ ಕಲ್ಲು ಕೊಟ್ಟ. “ಸಾರ್, ಮೊದ್ಲು ಸೈಕಲ್ ಕಲೀರಿ,” ಎಂದ.

‘ನನಗೆ ಭಯ’ — ಎರಡೇ ಪದ. ಹೇಳಿದ್ದರೆ ನಳಿನಿ ಎರಡು ದಿನ ನಕ್ಕು, ಮೂರನೆಯ ದಿನ ಬಸ್ಸಿನ ಟಿಕೆಟ್ಟು ತರುತ್ತಿದ್ದಳು. ಗೊತ್ತಿತ್ತು. ಗೊತ್ತಿದ್ದೂ —

ಹೊರಡುವ ಹಿಂದಿನ ದಿನ ಮುನಿರಾಜು ಸರ್ವೀಸ್ ಮುಗಿಸಿ ಕಾರು ತಂದು ನಿಲ್ಲಿಸಿದ. ಚಾಮರಾಜಪೇಟೆಯಲ್ಲಿ ಒಂದೇ ಶಟರಿನ ಅವನ ಗ್ಯಾರೇಜು. ನನ್ನದೇ ವಯಸ್ಸಿನವನು. “ಗಾಡಿ ಕುದುರೆ ಥರ ಇದೆ ಸಾರ್. ನಾನು ನಾಳೆ ಎಂಟು ಗಂಟೆ ಬಸ್ಸಿಗೆ ಮಾಗಡಿಗೆ, ಅಕ್ಕನ ಮನೆಗೆ. ಹಬ್ಬ ಮುಗಿಸ್ಕೊಂಡು ಬರ್ತೀನಿ,” ಎಂದ.

ಕಾರು ಕಳುವಾಗಬಾರದೆಂದರೆ ಏನು ಮಾಡಬೇಕೆಂದು ಹಿಂದೊಮ್ಮೆ ಅವನೇ ತೋರಿಸಿಕೊಟ್ಟಿದ್ದ: ಬಾನೆಟ್ಟಿನ ಕೆಳಗೆ ಒಂದು ಮುಚ್ಚಳ, ಅದರೊಳಗೆ ರೋಟರ್ ಎಂಬ ಹೆಬ್ಬೆರಳ ಗಾತ್ರದ ತುಂಡು. ಅದನ್ನು ತೆಗೆದು ಜೇಬಿಗಿಟ್ಟುಕೊಂಡರೆ ಬ್ರಹ್ಮ ಬಂದರೂ ಕಾರು ಚಾಲೂ ಆಗುವುದಿಲ್ಲ. ಮಧ್ಯಾಹ್ನ ತಾಯಿ ಮಗಳು ಮಹಡಿಯಲ್ಲಿ ಚೀಲ ತುಂಬುತ್ತಾ ನಗುತ್ತಿದ್ದರು. ಆ ನಗು ಕೇಳಿಸಿಕೊಳ್ಳುತ್ತಲೇ ನಾನು ಆ ತುಂಡನ್ನು ತೆಗೆದೆ.

ಬೆಳಗ್ಗೆ ಆರಕ್ಕೆ ಕೀಲಿ ತಿರುಗಿಸಿದೆ. ಕಾರು ಕೆಮ್ಮಿತು, ಅಷ್ಟೇ. ಹತ್ತು ಸಲ ತಿರುಗಿಸಿದೆ. ಚಿತ್ರಾ ಹಿಂದಿನ ಸೀಟಿನಲ್ಲಿ ಚೀಲ ತಬ್ಬಿಕೊಂಡು, ಇಳಿ ಎಂದರೂ ಇಳಿಯದೆ, ಮುಂದಕ್ಕೇ ನೋಡುತ್ತಿದ್ದಳು. ಆಗ ನಾನು ಆ ಮಾತು ಆಡಿದೆ.

“ನಿನ್ನೆ ತಾನೇ ಸರ್ವೀಸ್ ಆಗಿ ಬಂತು. ಮುನಿರಾಜು ಏನೋ ಕೆಡಿಸಿದ್ದಾನೆ.”

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ನಳಿನಿ ವಾಚು ನೋಡಿದಳು. “ಅವನ ಬಸ್ಸು ಎಂಟಕ್ಕಲ್ವಾ?” ಎಂದವಳೇ ಚಾಮರಾಜಪೇಟೆಯ ಕಡೆ ಹೆಜ್ಜೆ ಹಾಕಿದಳು.

ಅರ್ಧ ಗಂಟೆಯಲ್ಲಿ ಮುನಿರಾಜು ಬಂದ. ಊರಿಗೆ ಹೊರಟವನು, ಇಸ್ತ್ರಿಯ ಬಿಳಿ ಅಂಗಿ. ತೋಳು ಮಡಿಸಿ ಬಾನೆಟ್ ಎತ್ತಿದ, ಮುಚ್ಚಳ ತೆಗೆದ. ಒಳಗೆ ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಎದುರು ಮನೆಯ ಕಾಂಪೌಂಡು ನೋಡುತ್ತಿದ್ದೆ. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು — ನಳಿನಿ ಪಕ್ಕದಲ್ಲೇ ನಿಂತಿದ್ದಳು.

“ತಪ್ಪು ನಂದೇ ಮೇಡಂ,” ಎಂದ. “ಒಂದು ಪಾರ್ಟು ಸರಿಯಾಗಿ ಕೂರಿಸಿರ್ಲಿಲ್ಲ, ಒಡೆದೋಗಿದೆ. ಇನ್ನೊಂದು ತಂದು ಹಾಕ್ತೀನಿ.”

ತಂದು ಹಾಕಿದ. ಎಂಜಿನ್ ಗುಡುಗಿತು, ಚಿತ್ರಾ ಕಿರುಚಿದಳು. ಕೈ ಒರೆಸಿಕೊಳ್ಳುತ್ತಾ ಅವನು ಮತ್ತೆ ಹೇಳಿದ: “ಗಾಡಿ ಮೇಲೆ ನನಗೇ ಈಗ ಧೈರ್ಯ ಇಲ್ಲ ಮೇಡಂ. ನಾನೂ ಜೊತೇಲಿ ಬಂದ್ಬಿಡ್ತೀನಿ. ಘಾಟಿಲಿ ಕೈಕೊಟ್ರೆ ನೋಡ್ಕೋಬಹುದು.”

ಗಾಡಿಯ ಮೇಲೆ ಅವನಿಗೆ ಪೂರಾ ಧೈರ್ಯವಿತ್ತು. ಧೈರ್ಯವಿಲ್ಲದವನು ಯಾರೆಂದು ಅರ್ಥವಾಗಿತ್ತು, ಅಷ್ಟೇ. ಅಕ್ಕನ ಮನೆಗೆಂದು ಕಟ್ಟಿಕೊಂಡಿದ್ದ ಚೀಲವನ್ನೇ ಡಿಕ್ಕಿಗೆ ಹಾಕಿದ.

ಲಿಂಗದಹಳ್ಳಿಯವರೆಗೆ ಅವನು ಓಡಿಸಿದ. ಬೆಟ್ಟದ ಬುಡದಲ್ಲಿ ನಿಲ್ಲಿಸಿ ಕೆಳಗಿಳಿದು, “ಇಲ್ಲಿಂದ ನೀವು ಸಾರ್. ನಾನು ಎಂಜಿನ್ ಸೌಂಡ್ ಕೇಳ್ಕೊಂಡು ಕೂತಿರ್ತೀನಿ,” ಎಂದ. ಹಿಂದೆ ಕೂತವರಿಗೆ ಹಾಗೇ ಕಂಡಿರಬೇಕು. ನನ್ನ ಪಕ್ಕದಲ್ಲಿ ಅವನ ಕೈ ಹ್ಯಾಂಡ್‌ಬ್ರೇಕಿನ ಮೇಲಿತ್ತು. ಪಿಸುಮಾತಿನಲ್ಲಿ ಪಾಠ ನಡೆಯುತ್ತಿತ್ತು. “ಕ್ಲಚ್ ಅರ್ಧ... ಹಾಂ, ಅಲ್ಲೇ ಹಿಡೀರಿ... ಈಗ ನಾನು ಬ್ರೇಕ್ ಬಿಡ್ತೀನಿ... ಹೋಯ್ತು ನೋಡಿ.” ಮೊದಲ ತಿರುವು ದಾಟಿತು. ಎರಡನೆಯದು. ಐದನೆಯದರ ಹೊತ್ತಿಗೆ ನಾನು ನಗುತ್ತಿದ್ದೆ — ಚಿಕ್ಕ ಮಗುವಿನ ಹಾಗೆ, ಬಾಯಿ ತೆರೆದು. ಮಳೆಗಾಲ ಆಗಷ್ಟೇ ಮುಗಿದಿತ್ತು. ಬೆಟ್ಟದ ಹುಲ್ಲೆಲ್ಲ ಹಸಿರು, ಕಣಿವೆಯ ಕಾಡಿನಿಂದ ಮೋಡ ಎದ್ದು ರಸ್ತೆಗೆ ಅಡ್ಡ ಬಂದು, ನಮ್ಮನ್ನು ನೋಡಿ ಪಕ್ಕಕ್ಕೆ ಸರಿಯುತ್ತಿತ್ತು.

ಎರಡು ದಿನ ಅಲ್ಲಿದ್ದೆವು. ಪಟ್ಟೆ ಟೆಂಟಿನ ಮುಂದೆ ಬಿಸಿಬೇಳೆಬಾತು ತಳ ಹಿಡಿಯಿತು. ತಳವನ್ನೇ ಜಗಳವಾಡಿ ತಿಂದೆವು. ಚಿತ್ರಾ ತನ್ನ ಕಾಲಿಗೆ ಹತ್ತಿದ ಜಿಗಣೆಗಳಿಗೆಲ್ಲ ತನ್ನ ಟೀಚರುಗಳ ಹೆಸರಿಟ್ಟಳು. ಮಾಗಡಿ ಬಿಟ್ಟು ಬೇರೆ ದಿಕ್ಕಿಗೆ ಹೋಗಿರದ ಮುನಿರಾಜು ಬೆಟ್ಟದ ತುದಿಯಲ್ಲಿ ನಿಂತು, ಕಣಿವೆಗೆ ತನ್ನ ಹೆಸರನ್ನೇ ಕೂಗಿದ. ಕಣಿವೆ ತಿರುಗಿ ಕರೆಯಿತು. “ಇಷ್ಟು ಮರ್ಯಾದೆಯಾಗಿ ನನ್ನ ಯಾರೂ ಕರೆದಿಲ್ಲ ಸಾರ್,” ಎಂದು ನಕ್ಕ.

ನಾವಿಬ್ಬರೇ ಇದ್ದಾಗ ಒಮ್ಮೆ ಬಾಯಿ ತೆರೆದೆ. “ಮುನಿರಾಜು, ಆ ಪಾರ್ಟು —”

“ಬಿಡಿ ಸಾರ್,” ಎಂದ. “ಇಳಿಯುವಾಗ ಸೆಕೆಂಡ್ ಗೇರಲ್ಲೇ ಇರಿ.”

ನಾನು ಮಾಡಿದ ತಪ್ಪು ಇಷ್ಟೇ ಆಗಿದ್ದರೆ ಬಹುಶಃ ಇದನ್ನು ಬರೆಯುತ್ತಿರಲಿಲ್ಲ. ನಿಜವಾದ ತಪ್ಪು ವಾಪಸು ಬಂದ ಮೇಲೆ ನಡೆಯಿತು, ನಿಧಾನವಾಗಿ, ನನ್ನ ಕಣ್ಣೆದುರೇ. ನಳಿನಿ ಕಥೆ ಚೆನ್ನಾಗಿ ಹೇಳುತ್ತಾಳೆ. ಟೀಚರುಗಳ ಕೋಣೆಯಲ್ಲಿ, ನಾಮಕರಣಗಳಲ್ಲಿ, ಮಲ್ಲೇಶ್ವರದ ನನ್ನ ತಂಗಿಯ ಮನೆಯಲ್ಲಿ — ಪಾರ್ಟು ಸರಿಯಾಗಿ ಕೂರಿಸದೆ, ಕೊನೆಗೆ ತಾನೇ ಪ್ರವಾಸಕ್ಕೆ ಬಂದ ಮೆಕ್ಯಾನಿಕ್ಕಿನ ಕಥೆ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಕ್ಕವರು ತಮ್ಮ ಕಾರುಗಳನ್ನು ಅವನ ಗ್ಯಾರೇಜಿಗೆ ಕಳಿಸುವುದನ್ನು ಒಬ್ಬೊಬ್ಬರಾಗಿ ನಿಲ್ಲಿಸಿದರು. ಮುಂದಿನ ಸರ್ವೀಸಿನ ಹೊತ್ತಿಗೆ ನಳಿನಿಯೂ ಹೇಳಿದಳು, “ಒಳ್ಳೆ ಮನುಷ್ಯ, ಆದ್ರೆ ಕೆಲಸದ ಮೇಲೆ ಗಮನ ಇಲ್ಲ. ಬೇರೆ ಕಡೆ ಬಿಡೋಣ.” ನಾನು ಹೂಂ ಎಂದೆ. ಆಮೇಲೆ ಅವನ ಗ್ಯಾರೇಜಿನ ರಸ್ತೆಯನ್ನೇ ತಪ್ಪಿಸಿ ಓಡಾಡಿದೆ.

ಹೋದ ತಿಂಗಳು ಚಿತ್ರಾ ತನ್ನ ಗೆಳತಿಯರ ಜೊತೆ ಅದೇ ಬೆಟ್ಟಕ್ಕೆ ಹೊರಡುವ ತಯಾರಿಯಲ್ಲಿದ್ದಳು. ಊಟದ ಮೇಜಿನ ಮೇಲೆ ಪಟ್ಟಿ, ಕಣ್ಣಲ್ಲಿ ಅವಳಮ್ಮನ ಅದೇ ಹೊಳಪು. “ಅಪ್ಪಾ, ಗಾಡಿ ಎರಡು ಸಲ ಚೆಕ್ ಮಾಡ್ಸು. ಮುನಿರಾಜು ಕೆಲಸ ಆಗ್ಬಾರ್ದು,” ಎಂದಳು.

ಮುನಿರಾಜು ಕೆಲಸ. ನಮ್ಮ ಮನೆಯಲ್ಲಿ ಅವನ ಹೆಸರು ಒಂದು ಗಾದೆಯಾಗಿತ್ತು.

ಅಲ್ಲೇ, ಅನ್ನ ಕಲಸಿದ ಕೈಯಲ್ಲೇ, ಹೇಳಿದೆ. ಎಲ್ಲ. ಆಗುಂಬೆಯ ನಿಂಬೆಹಣ್ಣಿನಿಂದ ಹಿಡಿದು. ಚಿತ್ರಾ ನಕ್ಕುಬಿಟ್ಟಳು, ನಂತರ ಬಾಯಿ ಮುಚ್ಚಿಕೊಂಡಳು. ನಳಿನಿ ನಗಲಿಲ್ಲ. “ಹೆದರಿದ್ರಿ, ಸರಿ. ಆದ್ರೆ ನಾನು ಅಷ್ಟು ಜನರ ಮುಂದೆ ಅವನ ಬಗ್ಗೆ ಹೇಳುವಾಗ ಪಕ್ಕದಲ್ಲೇ ಕೂತಿದ್ರಲ್ಲ ರೀ,” ಎಂದಳು. ಕೈ ತೊಳೆದು ಚಪ್ಪಲಿ ಮೆಟ್ಟಿದಳು. “ಏಳಿ.”

ಗ್ಯಾರೇಜು ಅಲ್ಲೇ ಇತ್ತು. ಮುನಿರಾಜುವಿನ ಮೀಸೆ ಬೆಳ್ಳಗಾಗಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ; ನಳಿನಿಗೆ ಸ್ಟೂಲು ಒರೆಸಿಕೊಟ್ಟ.

“ಅವತ್ತು ಮಗು ಕಾರಲ್ಲಿ ಕೂತಿತ್ತು ಸಾರ್, ಇಳೀತಾನೇ ಇರ್ಲಿಲ್ಲ. ನಿಮ್ಮ ಮಾನ ತೆಗೆದಿದ್ರೆ ಆ ಮಗು ಬೆಟ್ಟ ನೋಡ್ತಿತ್ತಾ? ಅದಕ್ಕೆ ನನಗೆ ಬೇಜಾರಿಲ್ಲ.” ಸ್ವಲ್ಪ ಹೊತ್ತು ಸ್ಪ್ಯಾನರ್ ಒರೆಸಿದ. “ಆದ್ರೆ ಗಾಡಿ ತರೋದು ಯಾಕ್ ನಿಲ್ಸಿದ್ರಿ?”

 

ಕಥೆ ಕೇಳಿದ್ದವರ ಹೆಸರುಗಳನ್ನು ನಳಿನಿ ಕೂತು ಬರೆದುಕೊಟ್ಟಿದ್ದಾಳೆ. ಒಂದೊಂದೇ ಮನೆಗೆ ಹೋಗಿ ನಿಜ ಹೇಳಿ ಬರುತ್ತಿದ್ದೇನೆ. ಜನ ಮೊದಲಿಗಿಂತ ಜೋರಾಗಿ ನಗುತ್ತಾರೆ, ಕಾಫಿ ಕೊಡುತ್ತಾರೆ; ಇಬ್ಬರು ಮುನಿರಾಜುವಿನ ವಿಳಾಸ ಕೇಳಿ ಬರೆದುಕೊಂಡರು. ನಾಳೆ ಮಲ್ಲೇಶ್ವರಕ್ಕೆ ಹೋಗಬೇಕು, ತಂಗಿಯ ಮನೆಗೆ. ಅಲ್ಲೇ ಎಲ್ಲರಿಗಿಂತ ಹೆಚ್ಚು ನಗುವವರಿದ್ದಾರೆ.