ಆವರೇಜ್ ಕೊಡದ ಗಾಡಿ

ನಮ್ಮ ಕಡೆ ಯಾರ ಮನೆಗಾದರೂ ಹೊಸ ಮೋಟರ್‌ಸೈಕಲ್ ಬಂದರೆ, ನೋಡಲು ಬಂದವರು ಬಣ್ಣ ಕೇಳುವುದಿಲ್ಲ, ವೇಗವನ್ನೂ ಕೇಳುವುದಿಲ್ಲ. ಸೀಟಿನ ಮೇಲೊಮ್ಮೆ ಕೈಯಾಡಿಸಿ, “ಆವರೇಜ್ ಎಷ್ಟ ಕೊಡತೈತ್ರಿ?” ಎನ್ನುತ್ತಾರೆ. ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ದೂರ ಓಡುತ್ತದೆ ಎಂದು. ಆ ಪ್ರಶ್ನೆ ಕೇಳಿದರೆ ನಮ್ಮ ಮನೆಯವರಿಗೆ ಎಲ್ಲಿಲ್ಲದ ಸಿಟ್ಟು. “ಇವರಿಗೆ ಗಾಡಿ ಓಡಸೂದು ಬ್ಯಾಡ, ಎಣ್ಣಿ ಅಳಿಯೂದು ಬೇಕು” ಎಂದು ಮನೆಗೆ ಬಂದು ನನ್ನ ಮುಂದೆ ಗೊಣಗುತ್ತಿದ್ದರು.

ಅವರದು ತಕ್ಕಡಿ ರಿಪೇರಿಯ ಕೆಲಸ. ಶಿಗ್ಗಾಂವಿಯ ಕಾಳುಕಡಿ ಅಂಗಡಿಗಳು, ಸವಣೂರಿನ ಕಿರಾಣಿ, ಹಾನಗಲ್ಲಿನ ಸಂತೆ, ಹಿರೇಕೆರೂರಿನ ಗೋವಿನಜೋಳದ ವ್ಯಾಪಾರಿಗಳು, ಹೀಗೆ ಎಲ್ಲಿ ಮುಳ್ಳು ಒಂದು ಕಡೆ ಎಳೆಯಿತೋ ಅಲ್ಲಿಗೆ ಇವರು ಹೋಗಬೇಕು. ಸಾಮಾನಿನ ಚೀಲವನ್ನು ಟ್ಯಾಂಕಿನ ಮೇಲಿಟ್ಟುಕೊಂಡು ಅದೇ ಹಳೆಯ ಗಾಡಿಯಲ್ಲಿ, ಅದೇ ರಸ್ತೆಗಳಲ್ಲಿ ಓಡಾಡಿದವರು. ಹಾನಗಲ್ಲಿನ ಕೆಲಸವಿದ್ದ ದಿನ ನಾನೂ ಹಿಂದೆ ಕೂಡುತ್ತಿದ್ದೆ. ಅದು ನನ್ನ ತವರೂರು. ಸೀರೆಯ ನೆರಿಗೆ ಮಡಿಲಿಗೆ ಎಳೆದುಕೊಂಡು, ಎರಡೂ ಕಾಲು ಎಡಕ್ಕೆ ಹಾಕಿ, ಅವರ ಹೆಗಲ ಮೇಲೆ ಒಂದು ಕೈ ಇಟ್ಟು ಕೂತರೆ ಇಳಿಯುವ ತನಕ ನಾವು ಮಾತಾಡುತ್ತಿರಲಿಲ್ಲ. ಗಾಳಿಯಲ್ಲಿ ಮಾತು ಕೇಳಿಸುವುದೂ ಇಲ್ಲ.

ಹಿರೇಕೆರೂರು ಅವರ ಕೆಲಸದ ಕೊನೆಯ ಊರು. ಅಲ್ಲಿಂದ ಮುಂದೆ ಗಿರಾಕಿಗಳಿರಲಿಲ್ಲ, ಹಾಗಾಗಿ ಅಲ್ಲಿ ಗಾಡಿ ತಿರುಗಿಸಬೇಕು. ಆ ತಿರುಗಿಸುವುದೇ ಅವರಿಗೆ ಬೇಜಾರು. ಉಳಿದ ಗಂಡಸರು ಮನೆ ಕಟ್ಟಿಸುವ ಮಾತಾಡಿದ ಹಾಗೆ ಇವರು ಒಂದು ಗಾಡಿಯ ಮಾತಾಡುತ್ತಿದ್ದರು. ಹಿರೇಕೆರೂರು ದಾಟಿ, ಘಟ್ಟ ಇಳಿದು, ಸಮುದ್ರದ ದಂಡೆ ಹಿಡಿದು ದಿನಗಟ್ಟಲೆ ಹೋದರೂ ಬೆನ್ನು ನೋಯಬಾರದು. ಆದರೆ ಬರೇ ಸಮಾಧಾನದ ಗಾಡಿಯೂ ಅಲ್ಲ. ತಿರುವು ಬಂದಾಗ ಮೈ ವಾಲಿಸಿದರೆ ಜೊತೆಗೆ ವಾಲಬೇಕು, ಕೈ ತಿರುವಿದರೆ ಜಿಗಿಯಬೇಕು. “ದೂರಕ್ಕ ಎತ್ತಾಗಿರಬೇಕು, ತಿರುವಿನ್ಯಾಗ ಕುದರಿ ಆಗಬೇಕು” ಎನ್ನುತ್ತಿದ್ದರು. ಅಂಥದ್ದು ಎಲ್ಲಿ ಸಿಗುತ್ತದೆ ಎಂದು ಕೇಳಿದರೆ, ಸಿಗುತ್ತದೆ, ಆದರೆ ಆರಿಸಲು ಬರಬೇಕು ಎಂಬ ಉತ್ತರ.

ಆರಿಸುವುದು ಮುಂದೆ ಮುಂದೆ ಹೋಯಿತು. ಅಷ್ಟರಲ್ಲಿ ಅಂಗಿಯ ತೋಳು ಕಾಣಿಸಿತು.

ಇವರು ಎಂದೂ ತೋಳು ಮಡಚಿದವರಲ್ಲ. ಸುಡುಬಿಸಿಲಿನಲ್ಲೂ ಎರಡೂ ಮುಂಗೈ ಗುಂಡಿ ಹಾಕಿಯೇ ಹೊರಡುವವರು. ಒಂದು ಚಳಿಗಾಲ ಬಲತೋಳು ಮಾತ್ರ ಮಡಚಿ ಹೋಗತೊಡಗಿದರು. ಇದೇನು ಹೊಸ ಫ್ಯಾಶನ್ ಎಂದು ನಕ್ಕೆ. ಮರುದಿನ ಎರಡೂ ತೋಳು ಮಡಚಿಕೊಂಡರು. ಆಮೇಲೆ ನೋಡುತ್ತಾ ಹೋದೆ. ಬಲಗೈ ಗುಂಡಿ ಹಾಕುವುದು ಎಡಗೈಯ ಕೆಲಸ. ಆ ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಗುಂಡಿ ನಿಲ್ಲುತ್ತಿರಲಿಲ್ಲ. ಚಹಾದ ಬಸಿಯನ್ನು ಬಲಗೈಗೆ ಬದಲಿಸುತ್ತಿದ್ದರು. ಗಾಡಿಯ ಕ್ಲಚ್ ಕೂಡ ಎಡಗೈಯದೇ. ನಮ್ಮ ಓಣಿಯ ಮಿಸ್ತ್ರಿ ನನ್ನನ್ನು ನೋಡಿ ನಕ್ಕು, ಸಾಹೇಬರು ಕ್ಲಚ್ಚಿನ ವಾಯರ್ ಎಷ್ಟು ಸಡಿಲ ಮಾಡಿಸಿಕೊಂಡಿದ್ದಾರೆ ಎಂದರೆ ಸಣ್ಣ ಕೂಸು ಕೂಡ ಒತ್ತಬಹುದು ಎಂದ. ನನಗೆ ನಗು ಬರಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಸೂಜಿ ಚುಚ್ಚಿ, ತಂತಿ ಹಚ್ಚಿ, ಎಲ್ಲ ನೋಡಿ ಹೇಳಿದ್ದು ಇಷ್ಟು: ನರದ ಬೇನೆ, ಕೈಯ ಬಲ ಸಾವಕಾಶವಾಗಿ ಕಡಿಮೆಯಾಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ. ಎಷ್ಟು ಬೇಗ ಎಂದು ಅವರಿಗೂ ಹೇಳಲು ಬರಲಿಲ್ಲ. ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ನಾನು ಔಷಧದ ಚೀಟಿ ಮಡಚುತ್ತಿದ್ದೆ.

“ಇನ್ನ ತಡಾ ಮಾಡೂದು ಬ್ಯಾಡ,” ಎಂದರು. “ಗಾಡಿ ನೋಡೂಣು.”

ಕೈಯಲ್ಲಿ ಬಲವಿರುವಾಗಲೇ ಒಮ್ಮೆ ಹಿರೇಕೆರೂರು ದಾಟಬೇಕು. ಅದಷ್ಟೇ ಅವರಿಗೆ ಬೇಕಿತ್ತು. ಅಲ್ಲೇ ಹತ್ತಿರದ ಅಂಗಡಿಯಲ್ಲಿ ಎರಡು ಹೆಲ್ಮೆಟ್ ತೆಗೆದುಕೊಂಡೆವು, ಗಾಡಿಗಿಂತ ಮೊದಲು.

ಮನೆಯಲ್ಲಿ ಅತ್ತೆಯ ಮುಂದೆ, ಟೂರಿಂಗ್ ಗಾಡಿ ತರುತ್ತೇವೆ ಎಂದರು. ಅತ್ತೆಗೆ ಗೊತ್ತಿದ್ದ ಟೂರಿಂಗ್ ಎಂದರೆ ಊರ ಹೊರಗೆ ಡೇರೆ ಹೊಡೆದು ಸಿನಿಮಾ ತೋರಿಸುವ ಟಾಕೀಸು. ಅವರು ಎಲೆಗೆ ಸುಣ್ಣ ಹಚ್ಚುತ್ತಾ, “ಈ ವಯಸ್ಸಿನ್ಯಾಗ ಸಿನಿಮಾದ ಡೇರೆ ಹೊಡಿತೀಯೇನೊ? ತಿಕೀಟ ಹರಿಯಾಕ ಇಕಿನ್ನ ಕುಂದ್ರಸ್ತಿ ಏನು?” ಎಂದರು. ನಾವಿಬ್ಬರೂ ಆ ದಿನ ಬಹಳ ನಕ್ಕೆವು. ಮಗನ ಕೈಯ ಸಂಗತಿ ಅವರಿಗೆ ಇನ್ನೂ ಹೇಳಿರಲಿಲ್ಲ.

ಮೊದಲು ನೋಡಿದ್ದು ಶಿಗ್ಗಾಂವಿಯಲ್ಲೇ, ಕಾಳಿನ ವ್ಯಾಪಾರಿಯೊಬ್ಬರ ಭಾರದ ಗಾಡಿ. ಧಡ್ ಧಡ್ ಎಂದರೆ ಓಣಿಯ ಕಿಟಕಿಗಳು ನಡುಗುತ್ತವೆ. ಹೈವೇ ಪಕ್ಕದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು, ಬೆನ್ನಿಗೆ ಸುಖ, ಎಷ್ಟು ದೂರವಾದರೂ ಒಯ್ಯುತ್ತದೆ, ಆದರೆ ತಿರುವಿನಲ್ಲಿ ಮಾತು ಕೇಳುವುದಿಲ್ಲ, ಬರೇ ಎತ್ತು ಎಂದು ತೀರ್ಪು ಕೊಟ್ಟರು. ನಾನು ತಿರುವು ನೋಡಿರಲಿಲ್ಲ. ಗಾಡಿ ನಿಲ್ಲಿಸಿದ ಮೇಲೆ ಎಡಗೈಯನ್ನು ಬೆನ್ನ ಹಿಂದೆ ಒಯ್ದು ಜಾಡಿಸಿದ್ದನ್ನು ನೋಡಿದ್ದೆ.

ಎರಡನೆಯದು ಸವಣೂರಿನಲ್ಲಿ. ಅಲ್ಲಿ ವೀಳ್ಯದೆಲೆ ವ್ಯಾಪಾರದ ಒಬ್ಬ ಗೆಳೆಯರಿದ್ದಾರೆ. ಅವರ ತಮ್ಮನದು ಮುಂದೆ ಬಗ್ಗಿ ಕೂತು ಓಡಿಸುವ ಗಾಡಿ. ಹಿಂದಿನ ಸೀಟು ಮಣೆಯಷ್ಟು ಸಣ್ಣದು, ಅದೂ ಮೇಲೆ ಎತ್ತಿದ ಹಾಗೆ. ಒಂದೇ ಕಡೆ ಕಾಲು ಹಾಕಿ ಕೂಡುವವರಿಗೆ ಕಾಲಿಡಲು ಜಾಗವೇ ಇಲ್ಲ. ನಾನು ಹತ್ತಲು ಹೋಗಿ ಎರಡು ಸಲ ಜಾರಿದೆ. ಒದ್ದೆ ಗೋಣಿಯ ಮೇಲೆ ಎಲೆ ಜೋಡಿಸುತ್ತಿದ್ದ ಗೆಳೆಯರು ತಲೆಯೆತ್ತಿ, “ಭಾಬಿ, ಇದು ಗಂಡಾ ಹೆಂಡತಿ ಕೂಡಿ ಹೋಗೂ ಗಾಡಿ ಅಲ್ಲರೀ. ಜಗಳಾಡಿ ಬಿಟ್ಟ ಹೋಗೂ ಗಾಡಿ” ಎಂದರು. ಎಲ್ಲರೂ ನಕ್ಕರು. ಇವರೊಬ್ಬರೇ ಹೋಗಿ ಬಂದರು. ಮುಖ ಅರಳಿತ್ತು, ಆದರೆ ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ ಬಿದ್ದು ಎಡಗೈ ನಡುಗುತ್ತಿತ್ತು. “ನೀ ಕುಂದ್ರಾಕ ಬರೂದಿಲ್ಲ, ಬ್ಯಾಡ” ಎಂದರು. ಕಾರಣ ನಾನೇ ಆದದ್ದಕ್ಕೆ ನನಗೇನೂ ಅನಿಸಲಿಲ್ಲ. ಯಾವುದಾದರೂ ಒಂದು ಕಾರಣ ಬೇಕಿತ್ತು.

ಮೂರನೆಯದು ಚಿಕ್ಕೇರೂರಿನಲ್ಲಿ, ಬಟ್ಟೆ ಅಂಗಡಿಯವರೊಬ್ಬರದು. ಕಾರು ಕೊಂಡಿದ್ದರಿಂದ ಗಾಡಿ ಮಾರುವವರಿದ್ದರು. ಒಪ್ಪಿಗೆಯಾದರೆ ಅದರ ಮೇಲೆಯೇ ಮನೆಗೆ ಬರುವುದೆಂದು ನಾವು ಬಸ್ಸಿನಲ್ಲಿ ಹೋದೆವು, ಹೆಲ್ಮೆಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿದಾಗ ಕಂಡಕ್ಟರ್ ನೋಡಿ, ಬಸ್ಸಿನಲ್ಲಿ ಅವು ಬೇಕಾಗುವುದಿಲ್ಲ, ನಮ್ಮ ಡ್ರೈವರ್ ಚೆನ್ನಾಗಿಯೇ ಓಡಿಸುತ್ತಾನೆ ಎಂದು ಚೇಷ್ಟೆ ಮಾಡಿದ. ಬರುವಾಗ ನೀವು ನಮ್ಮ ಹಿಂದೆ ಉಳಿಯುತ್ತೀರಿ ನೋಡುತ್ತಿರಿ ಎಂದು ಇವರೂ ಬಿಡಲಿಲ್ಲ.

ಹಾನಗಲ್ಲು ದಾಟುವಾಗ ಊರಂಚಿನ ಹೈಸ್ಕೂಲಿನ ಬಯಲು ಬಂತು. ಮದುವೆಯಾದ ಹೊಸದರಲ್ಲಿ ಅಲ್ಲಿ ನನಗೆ ಗಾಡಿ ಕಲಿಸಲು ಹೋಗಿದ್ದರು. ಕ್ಲಚ್ ಒತ್ತುವುದು ಬಂತು, ಬಿಡುವುದು ಬರಲಿಲ್ಲ. ಒಮ್ಮೆಲೇ ಬಿಟ್ಟುಬಿಡುತ್ತಿದ್ದೆ, ಗಾಡಿ ಜಿಗಿದು ಬಂದ್ ಬೀಳುತ್ತಿತ್ತು. ಪಕ್ಕದಲ್ಲಿ ಓಡುತ್ತಾ, “ಬಿಡು, ಆದ್ರ ಸಾವಕಾಶ ಬಿಡು” ಎಂದು ಕೂಗುತ್ತಿದ್ದರು. ಕೊನೆಗೆ ನಾನು ಬಿದ್ದು ಮೊಣಕಾಲು ತರಚಿಕೊಂಡೆ. ಹಿಂದೆ ಕೂಡುವುದೇ ನನಗೆ ಸಾಕು ಎಂದುಬಿಟ್ಟೆ. ಬಸ್ಸಿನ ಕಿಟಕಿಯಿಂದ ಅದನ್ನು ತೋರಿಸಿ ಮೊಣಕೈಯಿಂದ ತಿವಿದರು.

ಚಿಕ್ಕೇರೂರಿನ ಗಾಡಿಯನ್ನು ಕಂಡ ಕೂಡಲೇ ಇದೇ ಎಂದು ನನಗೂ ಅನಿಸಿತು. ಎತ್ತರ, ಆದರೆ ಸೊಕ್ಕಿಲ್ಲ. ಹ್ಯಾಂಡಲ್ ಅಗಲ, ಬೆನ್ನು ನೆಟ್ಟಗೆ. ಹಿಂದಿನ ಸೀಟು ಉದ್ದವಾಗಿ ಮೆತ್ತಗಿತ್ತು. ಯಾರೋ ಸೀರೆಯವರಿಗಾಗಿಯೇ ಎಡಕ್ಕೆ ಕಾಲಿಡುವ ಕಂಬಿ ಕೂಡಿಸಿದ್ದರು. ಇವರು ಅಂಗಡಿಯವರನ್ನು ಕೇಳಿ ನನ್ನನ್ನೂ ಕೂರಿಸಿಕೊಂಡು ಹಿರೇಕೆರೂರಿನ ಕಡೆ ಹೊರಟರು.

ಊರು ದಾಟಿದ ಮೇಲೆ ಗೋವಿನಜೋಳದ ಹೊಲಗಳು ಎರಡೂ ಕಡೆ ಸರಿದು ಹೋದವು. ಹೆಗಲ ಮೇಲಿಟ್ಟ ನನ್ನ ಕೈಗೆ ಅವರ ಮೈ ಸಡಿಲಾದದ್ದು ತಿಳಿಯಿತು. ಕೆರೆಯ ಏರಿಯ ಬಳಿ ರಸ್ತೆ ಎಡಕ್ಕೆ ತಿರುಗುತ್ತದೆ. ಅಲ್ಲಿ ಅವರು ನಿಧಾನ ಮಾಡಲಿಲ್ಲ. ಗಾಡಿ ವಾಲಿತು, ನಾನೂ ವಾಲಿದೆ, ನೀರು ಒಮ್ಮೆ ಹತ್ತಿರ ಬಂದು ಹಿಂದೆ ಸರಿಯಿತು. ಹೆದರಿಕೆಯಾಗಲಿಲ್ಲ. ಇಷ್ಟು ವರ್ಷ ತಕ್ಕಡಿಯ ಚೀಲ ಹೊತ್ತು ಮೆಲ್ಲಗೆ ಹೋಗುತ್ತಿದ್ದವರ ಒಳಗೆ ಇದಿತ್ತು ಎಂದು ನನಗೆ ಆಗ ಗೊತ್ತಾಯಿತು. ತಲೆ ಹಿಂದಕ್ಕೆ ತಿರುಗಿಸಿ ಏನೋ ಕೂಗಿದರು. ಗಾಳಿಯಲ್ಲಿ “ಕುದರಿ” ಎಂಬುದೊಂದು ಕೇಳಿಸಿತು.

ಹಿಂತಿರುಗಿ ಬರುವಾಗ ಊರಬಾಗಿಲಲ್ಲಿ ಕುರಿಹಿಂಡು ಅಡ್ಡ ಬಂತು. ಹಿಂಡಿನ ನಡುವೆ ತೆವಳಿದ ಹಾಗೆ ಹೋಗಬೇಕು, ಕ್ಲಚ್ ಒತ್ತಬೇಕು, ಬಿಡಬೇಕು, ಮತ್ತೆ ಒತ್ತಬೇಕು. ಒಂದೆರಡು ಸಲ ಒತ್ತಿದರು. ಆಮೇಲೆ ಬೆರಳುಗಳು ಹಿಡಿಕೆಯ ಮೇಲಿಂದ ತಾವಾಗಿ ಜಾರಿದವು. ಗಾಡಿ ಜಿಗಿದು ಬಂದ್ ಬಿತ್ತು. ಎಡಕ್ಕೆ ವಾಲಿದ್ದನ್ನು ಕಾಲು ಊರಿ ತಡೆದರು. ಮತ್ತೆ ಚಾಲೂ ಮಾಡಿದರು, ನಾಲ್ಕೂ ಬೆರಳು ಹಚ್ಚಿ ನೋಡಿದರು. ಕೊನೆಗೆ ಬಲಗೈಯನ್ನು ಈಚೆ ತಂದು ಎಡಗೈಯ ಬೆರಳುಗಳನ್ನು ಹಿಡಿಕೆಯ ಮೇಲೆ ಒಂದೊಂದಾಗಿ ಮಡಚಿ ಇಟ್ಟರು, ಸಣ್ಣ ಕೂಸಿಗೆ ಬಳಪ ಹಿಡಿಸಿದ ಹಾಗೆ. ಅವು ನಿಲ್ಲಲಿಲ್ಲ. ಕುರಿಗಳು ನಮ್ಮ ಎರಡೂ ಬದಿಯಿಂದ ಹಾಯ್ದು ಹೋದವು. ಕುರಿಗಾರ ನಿಂತು ನೋಡಿ ಮುಂದೆ ಹೋದ.

ನಾನು ಇಳಿದೆ. ಅಂಗಡಿಯವರೆಗೆ ಇಳಿಜಾರಿತ್ತು. ಅವರು ಹ್ಯಾಂಡಲ್ ಹಿಡಿದರು, ನಾನು ಹಿಂದಿನಿಂದ ದಬ್ಬಿದೆ.

ಗಾಡಿ ನಿಲ್ಲಿಸಿ, ಕರವಸ್ತ್ರ ತೆಗೆದು ಟ್ಯಾಂಕಿನ ಮೇಲಿನ ಧೂಳನ್ನು ಪೂರ್ತಿ ಒರೆಸಿದರು. ಅಂಗಡಿಯವರು ಹೊರಗೆ ಬಂದು ಹೇಗಿದೆ ಎಂದು ಕೇಳಿದರು.

“ಗಾಡಿ ಚಲೋ ಐತ್ರಿ. ನಾ ಹುಡುಕಿದ್ದು ಇದನ್ನ,” ಎಂದರು. ಕರವಸ್ತ್ರವನ್ನು ಕಿಸೆಗೆ ತುರುಕಿ, “ಆದ್ರ ಆವರೇಜ್ ಬಾಳ ಕಡಿಮಿ ಅನಸ್ತೈತಿ” ಎಂದರು.

ಅಂಗಡಿಯವರು ಅವರನ್ನೇ ನೋಡಿದರು. “ಇಂಥಾ ಗಾಡಿಗೆ ಆವರೇಜ್ ನೋಡತಾರೇನ್ರಿ? ನೀವು ಗಾಡಿ ಹುಚ್ಚ ಇದ್ದಾವ್ರು ಅನಕೊಂಡಿದ್ನಿ.”

ಇವರು ನಕ್ಕರು. ಜೀವಮಾನವಿಡೀ ಯಾರನ್ನು ಬೈದಿದ್ದರೋ ಅವರ ಹಾಗೆಯೇ ನಕ್ಕು, ನನ್ನ ಕಡೆ ತಿರುಗಿ, “ಏನಂತಿ ನೀ?” ಎಂದರು.

“ಹೌದ್ರಿ,” ಎಂದೆ. “ಬಾಳ ಕಡಿಮಿ. ನಮಗ ಹೊಂದೂದಿಲ್ಲ.”

ಅವರು ಬಲಗೈಯಲ್ಲಿ ಕೀಲಿ ಕೊಟ್ಟರು. ಅಂಗಡಿಯವರು ಚಹಾ ತರಿಸಿದರು. ಬೇಡವೆನ್ನದೆ ಕುಡಿದೆವು.

ಈಗ ಹಳೆಯ ಗಾಡಿಯೂ ಮನೆಯಲ್ಲಿಲ್ಲ, ಮಿಸ್ತ್ರಿ ಒಯ್ದ. ತಕ್ಕಡಿಗಳನ್ನು ಗಿರಾಕಿಗಳೇ ಮನೆಗೆ ತಂದು ಕೊಡುತ್ತಾರೆ. ಪರಡಿಯ ತಟ್ಟೆ ನಾನು ಹಿಡಿಯುತ್ತೇನೆ, ತಿರುಪು ಅವರು ತಿರುವುತ್ತಾರೆ. ಬೆಳಿಗ್ಗೆ ಎರಡೂ ಮುಂಗೈ ಗುಂಡಿ ನಾನೇ ಹಾಕುತ್ತೇನೆ. ತೋಳು ಮಡಚಲು ಬಿಡುವುದಿಲ್ಲ. ಗಾಡಿ ಯಾಕೆ ತರಲಿಲ್ಲ ಎಂದು ಯಾರಾದರೂ ಕೇಳಿದರೆ ಇವರು ಹೇಳುವ ಮೊದಲೇ ನಾನು, ಆವರೇಜ್ ಬರಲಿಲ್ಲ ಎನ್ನುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ನಮ್ಮ ಕಡೆ ಅದಕ್ಕಿಂತ ದೊಡ್ಡ ಕಾರಣ ಯಾರಿಗೂ ಬೇಕಾಗುವುದಿಲ್ಲ. ಅತ್ತೆಗೆ ಮಾತ್ರ ನಿಜ ಹೇಳಬೇಕಾಯಿತು. ಆಮೇಲೆ ಅವರು ಡೇರೆಯ ಚೇಷ್ಟೆ ಮಾಡಲಿಲ್ಲ.

ಆ ದಿನ ಚಿಕ್ಕೇರೂರಿನಿಂದ ಹಾನಗಲ್ಲಿಗೆ ಬರುವ ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ಕಿಟಕಿಯ ಕಡೆ ಇವರು, ಪಕ್ಕದಲ್ಲಿ ನಾನು, ಹೆಲ್ಮೆಟ್ಟುಗಳು ಕಾಲ ಬಳಿ ಒಂದಕ್ಕೊಂದು ಬಡಿಯುತ್ತಿದ್ದವು. ಅವರ ಎಡಗೈ ನನ್ನ ಮಡಿಲಲ್ಲಿತ್ತು. ಅವರು ಇಟ್ಟರೋ ನಾನು ಎಳೆದುಕೊಂಡೆನೋ ನೆನಪಿಲ್ಲ.

ಒಂದು ತಿರುವಿನಲ್ಲಿ ಡ್ರೈವರ್ ಗೇರ್ ಇಳಿಸಿದ. ಆಗ ಮಡಿಲಲ್ಲಿದ್ದ ಆ ಕೈಯ ಬೆರಳುಗಳು ಸ್ವಲ್ಪ ಅಲುಗಿ, ಕ್ಲಚ್ ಒತ್ತುವ ಹಾಗೆ ಮಡಚಲು ಹೋಗಿ ಅರ್ಧಕ್ಕೇ ನಿಂತವು. ಅವರು ಕಿಟಕಿಯಾಚೆ ನೋಡುತ್ತಲೇ ಇದ್ದರು. ಮುಂದಿನ ತಿರುವಿಗೂ ಹಾಗೇ ಆಯಿತು. ಅದರ ಮುಂದಿನ ತಿರುವು ಬಂದಾಗ ನಾನು ಅವರ ಬೆರಳುಗಳ ಮೇಲೆ ನನ್ನ ಬೆರಳುಗಳನ್ನಿಟ್ಟು ಪೂರ್ತಿ ಮಡಚಿ ಒತ್ತಿ ಹಿಡಿದೆ. ಬಸ್ಸು ತಿರುಗಿತು. ರಸ್ತೆ ನೆಟ್ಟಗಾಯಿತು. ನಾನು ಹಿಡಿದೇ ಇದ್ದೆ.

“ಈಗ ಬಿಡು,” ಎಂದರು, ನನ್ನ ಕಡೆ ನೋಡದೆ. “ಸಾವಕಾಶ ಬಿಡು.”