ಉಂಗುರ ಕಾಣದ ಫೋಟೊ

ನಿನ್ನೆ ಗಜೇಂದ್ರಗಡದ ಪೇಟೆಯಲ್ಲಿ ಬಳೆ ತೊಡಿಸಿಕೊಳ್ಳಲು ಕೂತಾಗ ಹೊಳೆಯಿತು, ಇದು ಹಿಂದೆ ಇಂಟರ್‌ನೆಟ್ ಅಂಗಡಿ ಇದ್ದ ಜಾಗ. ನೀವು ನಂಬಲಿಕ್ಕಿಲ್ಲ, ಇಲ್ಲಿ ನಾನೂ ಗೆಳತಿ ರೆಹಾನಾಳೂ ಪಕ್ಕಪಕ್ಕದ ಕಂಪ್ಯೂಟರಿಗೆ ಕೂತು ಒಬ್ಬರಿಗೊಬ್ಬರು ಸಂದೇಶ ಬರೆಯುತ್ತಿದ್ದೆವು. ಕಾಲೇಜಿನಿಂದ ಓಡಿ ಬಂದು ಅವಳು ‘ಊಟ ಆತೇನ?’ ಎಂದು ಬರೆಯುವಳು. ಅವಳ ಡಬ್ಬಿಯಲ್ಲೇ ಉಂಡು ಬಂದಿದ್ದ ನಾನು ‘ಆತು, ನಿಂದು?’ ಎಂದು ಉತ್ತರಿಸುವೆ.

ಅಂಗಡಿಯವರು ಒಮ್ಮೆ ಹೇಳಿಯೇಬಿಟ್ಟರು: “ತಂಗ್ಯಾರ, ಮಾತಾಡೂದಿದ್ರ ಹೊರಗ ಕಟ್ಟಿ ಐತಿ. ಅಲ್ಲಿ ಪುಕ್ಕಟ.”

ಮೊದಲು ಬರೆಯುವ ಹುಚ್ಚು. ಆಮೇಲೆ ಗೆಳೆಯರನ್ನು ಕೂಡಿಸುವ ಹುಚ್ಚು. ಕಂಡು ಕೇಳದ ಊರುಗಳವರೆಲ್ಲ ನಮ್ಮ ಆಪ್ತರಾದರು. ಆಮೇಲೆ ಫೋಟೊ. ಅಷ್ಟರಲ್ಲಿ ರೆಹಾನಾ ಮದುವೆಯಾಗಿ ನರಗುಂದಕ್ಕೆ ಹೋದಳು, ನಾನು ಕೆಲಸ ಸಿಕ್ಕು ರೋಣಕ್ಕೆ ಬಂದೆ. ಗಂಡನ ಅಂಗಡಿಯ ಕಂಪ್ಯೂಟರಿನಿಂದ ವಾರವಾರ ಬರೆಯುತ್ತಿದ್ದವಳು ಬರಬರುತ್ತ ಸುಮ್ಮನಾದಳು. ಬಿಗುಮಾನದಿಂದ ನಾನೂ ಸುಮ್ಮನಾದೆ. ಅವಳ ಫೋಟೊಗಳನ್ನು ಮಾತ್ರ ತಪ್ಪದೆ ನೋಡುತ್ತಿದ್ದೆ. ಬರೆಯುವುದನ್ನು ಬಿಟ್ಟು ಇಣುಕುವುದನ್ನು ಕಲಿತಿದ್ದೆ, ನೋಡಿ.

ಮುಂದೆ ನನ್ನ ನಿಶ್ಚಿತಾರ್ಥವಾಯಿತು, ಉಂಗುರ ತೊಟ್ಟ ಫೋಟೊ ಹಾಕಿದ್ದೆ. ಆದರೆ ಗಂಡಿನ ಕಡೆಯವರು ಹಿಂದೆ ಸರಿದರು. ನನಗೇನೂ ಆಗಿಲ್ಲವೆಂದು ತೋರಿಸಬೇಕಲ್ಲ, ಹೊಸ ಸೀರೆ ಉಟ್ಟು, ನಕ್ಕು, ಫೋಟೊ ಹಾಕಿದೆ. ‘ಭಾಳ ಚಂದ ಕಾಣತಿ’ ಎಂದು ಆಪ್ತರೆಲ್ಲ ಬರೆದರು. ಓದಿ ಓದಿ ಅತ್ತೆ.

ಮರುದಿನ ಮಧ್ಯಾಹ್ನ ನನ್ನ ಬಾಡಿಗೆ ಕೋಣೆಯ ಬಾಗಿಲಲ್ಲಿ ರೆಹಾನಾ ನಿಂತಿದ್ದಳು. ಕೈಯಲ್ಲಿ ಡಬ್ಬಿ, ಬುರ್ಖಾದ ಮೇಲೆಲ್ಲ ಬಸ್ಸಿನ ಧೂಳು.

“ಹೇಳದ ಕೇಳದ ಬಂದಿ?” ಎಂದೆ.

“ಫೋಟೊದಾಗ ನಿನ್ನ ಬೆರಳಿನ್ಯಾಗ ಉಂಗುರ ಇರಲಿಲ್ಲ. ಏನಾತು, ಹೇಳು.”

ಸಂಜೆಯವರೆಗೂ ಹೇಳಿದೆ. ಕೊನೆಗೆ ಕೇಳಿದೆ, “ಮತ್ತ ಇಷ್ಟ ದಿನಾ ಯಾಕ ಬರೀಲಿಲ್ಲ?”

“ಅಂಗಡ್ಯಾಗ ಬೆನ್ನ ಹಿಂದ ಮಂದಿ ನಿಂತಿರ್ತಾರ. ಮನಸಿಂದು ಬರಿಯಾಕ ಆಗೂದಿಲ್ಲ. ನೋಡಾಕ ಆಗತೈತಿ. ದಿನಾ ನೋಡತಿದ್ನಿ.”

ಅಂದಿನಿಂದ ಯಾರ ಫೋಟೊ ಕಂಡರೂ ನಾನು ಮೊದಲು ಕೈ ನೋಡುವವಳಾದೆ. ನಿನ್ನೆಯೂ ಅಷ್ಟೆ. ಮನೆಗೆ ಬಂದು ಫೋನು ತೆರೆದರೆ ರೆಹಾನಾಳ ಹೊಸ ಫೋಟೊ. ಎರಡೂ ಕೈ ಬೆನ್ನ ಹಿಂದೆ. ಕೂಡಲೇ ಕರೆ ಮಾಡಿದೆ.

“ಏನಿಲ್ಲವಾ, ಕೈಗೆ ರೊಟ್ಟಿ ಹಿಟ್ಟು ಹತ್ತಿತ್ತು,” ಎಂದು ನಕ್ಕಳು.

ಸಮಾಧಾನವಾಯಿತು. ಆದರೆ ಮಾತು ನಿಲ್ಲಬೇಕಲ್ಲ. ಕಡೆಗೆ ಆ ಕಡೆಯಿಂದ ಅವಳ ಅತ್ತೆಯ ದನಿ ಕೇಳಿತು: “ರೊಟ್ಟಿ ಕರಕಾದ್ವು. ಫೋನ ಇಡ್ತೀಯೋ ಇಲ್ಲೋ?”

“ಕರಕಾಗಿದ್ದು ತಗದಿಡ್ರಿ ಅನ್ನು,” ಎಂದೆ. “ನಾಳೆ ತಿನ್ನಾಕ ನಾನ ಬರ್ತೀನಿ.”