ಓರೆಗಣ್ಣಿಗೆ ಮಾತ್ರ ಕಂಡದ್ದು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಾನು ಸೋಲಾಪುರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವನು, ದೆವ್ವ ಅಂದರೆ ನಗುವವರ ಪೈಕಿ. ಆದರೂ ಇದು ಹೋದ ಅಮಾವಾಸ್ಯೆಗೆ ನಡೆದದ್ದು, ನನ್ನೆದುರಿಗೇ...

ನಮ್ಮೂರು ಚಪಳಗಾಂವದಿಂದ ವೈನಿಯ, ಅಂದರೆ ಅತ್ತಿಗೆಯ, ಫೋನು ಬಂತು. ಜೋಳದ ರಾಶಿ ಕಾಯಲು ಕಣದಲ್ಲಿ ಮಲಗುವ ನನ್ನ ಅಣ್ಣನಿಗೆ ರಾತ್ರಿ ಯಾರೋ ನಿಂತಂತೆ ಕಾಣುತ್ತಿತ್ತಂತೆ. ಅಂಜಿ ಊಟ, ನಿದ್ದೆ ಬಿಟ್ಟಿದ್ದ.

"ಕಣ್ಣಿನ ಬ್ಯಾನಿ ಅಂತ ಡಾಕ್ಟರ್ ಹೇಳ್ಯಾರ, ಇವರು ಕೇಳವಲ್ಲರು. ಅಲ್ಲಿ ಯಾರೂ ಇಲ್ಲಂತ ನೀವರ ಹೇಳ್ರಿ ಭಾವೋಜಿ."

ಅಣ್ಣನ ಕಣ್ಣಿಗೆ ನೆಟ್ಟಗೆ ನೋಡಿದ್ದೆಲ್ಲ ಮಸುಕು, ಅಂಚಿನದು ಮಾತ್ರ ಕಾಣುತ್ತದೆ. ಹೇಗೂ ಹೋಗುವುದು, ಕತ್ತಲೂ ಸಿಗುತ್ತದೆ ಎಂದು ನನ್ನ ದೂರದರ್ಶಕವನ್ನೂ ಒಯ್ದೆ. ಅಮಾವಾಸ್ಯೆಗೇ ಬಂದೆನೆಂದು ವೈನಿ ಮುಖ ಸಿಂಡರಿಸಿದರು.

ಸಪ್ತರ್ಷಿ ಮಂಡಲದ ಬಾಲದ ತುದಿಯ ಹತ್ತಿರ ಒಂದು ಸುರುಳಿ ಗ್ಯಾಲಕ್ಸಿ ಇದೆ. ಮೊದಲು ಪತ್ತೆ ಹಚ್ಚಿದವನಿಗೂ ಅದು ಬರೀ ಮಸುಕು ಚುಕ್ಕೆ. ಸುರುಳಿ ಕಂಡದ್ದು ಎಷ್ಟೋ ವರ್ಷಗಳ ಮೇಲೆ, ದೊಡ್ಡ ದೂರದರ್ಶಕ ಬಂದಾಗ. ಅಂಥದ್ದನ್ನು ನೆಟ್ಟಗೆ ನೋಡಿದರೆ ಮಾಯವಾಗುತ್ತದೆ. ದೃಷ್ಟಿಯನ್ನು ತುಸು ಪಕ್ಕಕ್ಕೆ ಸರಿಸಬೇಕು, ಆಗ ಓರೆಗಣ್ಣಿಗೆ ಸಿಗುತ್ತದೆ. ರಾತ್ರಿ ಕಣದಲ್ಲಿ ದೂರದರ್ಶಕ ಹೂಡಿ ನಾನು ಅದನ್ನು ಹಿಡಿಯಲು ಹೆಣಗುತ್ತಿದ್ದಾಗ ಅಣ್ಣ ಒಮ್ಮೆ ಕಣ್ಣಿಟ್ಟ.

"ಎರಡು ಅದಾವಲ್ಲೋ. ದೊಡ್ಡದರ ಮಗ್ಗಲಾಗ ಸಣ್ಣದೊಂದು."

ನಿಜ, ಅದರ ಪಕ್ಕ ಇನ್ನೊಂದು ಗ್ಯಾಲಕ್ಸಿ ಇದೆ. ನಾನು ಅವನಿಗೆ ಅದನ್ನು ಹೇಳಿರಲಿಲ್ಲ... ಅಣ್ಣನ ಕಣ್ಣಿನ ಅಂಚು ಸುಳ್ಳು ಹೇಳುತ್ತಿರಲಿಲ್ಲ.

"ಈಗ ಆ ಕಡಿ ನೋಡು," ಅಣ್ಣ ಪಿಸುಗುಟ್ಟಿದ. "ಮೊದಲ ಬಾವಿ ಕಟ್ಟಿಮ್ಯಾಲ ಇತ್ತು. ನಿನ್ನಿ ಬೇವಿನ ಗಿಡದ ಬುಡಕ ಬಂದಿತ್ತು."

ಬಾವಿಕಟ್ಟೆ ನೋಡಿದೆ, ಯಾರೂ ಇಲ್ಲ. ಬೇವಿನ ಬುಡದಲ್ಲೂ ಯಾರೂ ಇಲ್ಲ. ಧೈರ್ಯ ಬಂತು. ಆಮೇಲೆ ರೂಢಿಯಂತೆ ದೃಷ್ಟಿಯನ್ನು ತುಸು ಪಕ್ಕಕ್ಕೆ ಸರಿಸಿದೆ...

ರಾಶಿಯ ಆಚೆ ಬದಿಗೆ, ತಲೆ ಬಗ್ಗಿಸಿಕೊಂಡು ನಿಂತಿತ್ತು. ಒಣ ಕಣದಲ್ಲಿ ಹಸಿ ಕೆಸರಿನ ವಾಸನೆ. ಜೋಳದ ಕಾಳು ಸರಸರ ಜಾರಿದ ಸದ್ದು.

ಗಕ್ಕನೆ ನೆಟ್ಟಗೆ ತಿರುಗಿದೆ. ಬರೀ ರಾಶಿ.

"ಯಾರರ ಅದಾರೇನೋ?"

ವೈನಿಯ ಮಾತು ನೆನಪಾಯಿತು. "ಯಾರೂ ಇಲ್ಲಣ್ಣ. ಕಣ್ಣಿನ ಬ್ಯಾನಿ ಅದು," ಅಂದೆ. ಅಣ್ಣ ದೀರ್ಘ ಉಸಿರು ಬಿಟ್ಟು ಮಲಗಿದ, ಕೂಡಲೇ ಗೊರಕೆ ಹೊಡೆದ. ನಾನು ಬೆಳಗಿನವರೆಗೆ ಕಣ್ಣು ಮುಚ್ಚಲಿಲ್ಲ.

ನಿನ್ನೆ ಅವನ ಫೋನು ಬಂದಿತ್ತು. ರಾಶಿ ಇನ್ನೂ ಕಣದಲ್ಲೇ ಇದೆ, ಒಬ್ಬನೇ ಮಲಗುತ್ತಾನೆ. ದನಿಯಲ್ಲಿ ಅಂಜಿಕೆಯೇ ಇರಲಿಲ್ಲ.

"ಈಗೂ ಕಾಣತದಪಾ. ಹಾಸಿಗಿ ಮಗ್ಗಲಿಗೇ ಬಂದು ಕುಂದರತದ. ನೀ ಇಲ್ಲಂದಿಯಲ್ಲ, ಹಂಗಾಗಿ ನಾನೂ ಅದರ ಕಡಿ ಬೆನ್ನು ಮಾಡಿ ಮಲಗತೀನಿ."